ಮೇಷ್ಟ್ರ ಮನೆಯ ಇಳಿಜಾರು

ಕೈತೋಟ ಮಾಡಿಕೊಡುವುದು ನನ್ನ ಕೆಲಸ. ಗುಬ್ಬಿಯಲ್ಲಿ ಒಬ್ಬ ಮೇಷ್ಟ್ರ ಮನೆ ಮುಂದೆ ಪುಟ್ಟ ಇಳಿಜಾರಿತ್ತು. ಮಳೆ ಬಂದಾಗಲೆಲ್ಲ ಅಲ್ಲಿನ ಮಣ್ಣು ಕೆಳಗಿನ ಮನೆಗೆ ಹರಿದುಹೋಗುತ್ತಿತ್ತು.

"ಖರ್ಚು ಕಮ್ಮಿ ಇರ್ಲಿ, ದಿನಾ ನೀರು ಹಾಕೋ ಕೆಲ್ಸಾನೂ ಬೇಡ," ಅಂದರು ಮೇಷ್ಟ್ರು.

ಪುಕ್ಕಟೆ ಸಿಕ್ಕ ತೆಂಗಿನಕಾಯಿ ಸಿಪ್ಪೆಯನ್ನು ಅಡ್ಡಡ್ಡ ಸಾಲಾಗಿ ಹೂತು, ನಡುವೆ ನಿಂಬೆಹುಲ್ಲು ನೆಟ್ಟೆ. ಮುಂದಿನ ಮಳೆಗೆ ಹಿಡಿ ಮಣ್ಣೂ ಜಾರಲಿಲ್ಲ.

ಕೆಳಗಿನ ಮನೆಯ ಅಜ್ಜಿ ಬಂದರು. ಹೊಗಳುತ್ತಾರೆ ಅಂದುಕೊಂಡೆ.

"ಏನಪ್ಪಾ, ಮಣ್ಣು ನಿಲ್ಲಿಸ್ಬುಟ್ಯಲ್ಲ! ನನ್ನ ಬದನೆ ಗಿಡಕ್ಕೆ ಇನ್ನೆಲ್ಲಿಂದ ತರ್ಲಿ?"

ಮೇಷ್ಟ್ರು ಕಣ್ಣರಳಿಸಿದರು. "ಅಂದ್ರೆ ನೀವು ವಾರವಾರ ಕೊಡ್ತಿದ್ದ ಬದನೆಕಾಯಿ ನಮ್ಮ ಮಣ್ಣಲ್ಲಿ ಬೆಳೆದಿದ್ದೇನಮ್ಮಾ?"

"ಮಣ್ಣು ನಿಮ್ದೇ. ಕಾಯಿ ಬೇಕೋ ಬ್ಯಾಡ್ವೋ ಹೇಳಿ."

ಮೇಷ್ಟ್ರು ಸ್ವಲ್ಪ ಯೋಚಿಸಿ, "ಆ ಮೂಲೇಲಿ ಎರಡಡಿ ಬಿಚ್ಚಿಬಿಡಪ್ಪ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮಣ್ಣು ತಡೆಯುವ ಕೆಲಸ ಬೇಕಾದಷ್ಟು ಮಾಡಿದ್ದೇನೆ. ಕೊಚ್ಚಿಹೋಗುವ ಹಾಗೆ ಮಾಡಿ ಶಭಾಷ್ ಅನ್ನಿಸಿಕೊಂಡಿದ್ದು ಅದೊಂದೇ ಸಲ.