ಎಡಕ್ಕೆ ನಿಂತ ಆಡುಗಳು

ಲೋಕದ ಅಂತ್ಯ ನಮ್ಮ ಬೈಲಹೊಂಗಲಕ್ಕೆ ಒಂದು ಫ್ಲೆಕ್ಸಿನ ಮೇಲೆ ಬಂದಿತ್ತು. ನಮ್ಮ ಸಣ್ಣ ಕ್ರೈಸ್ತ ಸಭೆಯ ಗೇಟಿಗೆ ಅದನ್ನು ಕಟ್ಟಿದ್ದೆವು. ಮೇಲೆ ತುತ್ತೂರಿ ಊದುವ ದೂತರು, ನಡುವೆ ಏಳು ತಲೆಯ ಮೃಗ, ಕೆಳಗೆ ಬೆಂಕಿಯ ಕೆರೆ. ಕಡೇ ನ್ಯಾಯತೀರ್ಪಿನ ಬಗ್ಗೆ ಮೂರು ಸಂಜೆ ಪ್ರಸಂಗ ಮಾಡಲು ಹೊರಗಿನಿಂದ ಒಬ್ಬ ಬೋಧಕರನ್ನು ಕರೆಸಿದ್ದೆವು. ಕರೆಸಿದ್ದೆವು ಎಂದರೆ, ನಾನೇ ಹಟ ಹಿಡಿದು ಕರೆಸಿದ್ದು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು, ಭಾನುವಾರ ಸಭೆಯ ಮಕ್ಕಳಿಗೆ ವೇದಪಾಠ ಹೇಳುತ್ತೇನೆ. ಸತ್ಯವೇದದಲ್ಲಿ ಅಂತ್ಯಕಾಲದ ಮಾತು ಬಂದಲ್ಲೆಲ್ಲ ನನ್ನ ಲೆಕ್ಕ ತಪ್ಪುತ್ತಿತ್ತು. ತಿಳಿದವರಿಂದಲೇ ಕೇಳೋಣ ಎಂದುಕೊಂಡಿದ್ದೆ.

ನನ್ನ ಜೊತೆಗೇ ಇರುವ ಅವ್ವ ಆ ಫ್ಲೆಕ್ಸನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಕೆರಿ ತುಂಬಿದ್ದ ನೋಡಿ ಎಷ್ಟ ದಿನಾ ಆತು. ಇವ್ರು ಅದಕ್ಕೂ ಬೆಂಕೀನ ತುಂಬ್ಯಾರಲ್ಲ ಯವ್ವಾ!"

"ಸುಮ್ನ ಕುಂದ್ರ ಬೇ," ಎಂದು ಗದರಿಸಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಮೊದಲ ಸಂಜೆ ಹೇಗೋ ದಾಟಿತು. ಎರಡನೆಯ ಸಂಜೆ ಬೋಧಕರು ಕುರಿ ಮತ್ತು ಆಡುಗಳ ಸಾಮ್ಯದ ಕಥೆಗೆ ಬಂದರು. ಕಡೇ ದಿನ ಅರಸನು ತನ್ನ ಸಿಂಹಾಸನದಲ್ಲಿ ಕುಳಿತು, ಕುರಿಗಾರನು ಹಿಂಡನ್ನು ಬೇರೆ ಮಾಡುವ ಹಾಗೆ ಜನರನ್ನು ಬೇರೆ ಮಾಡುತ್ತಾನೆ, ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ, ಎಡಕ್ಕೆ ನಿಂತವರಿಗೆ ಆರದ ಬೆಂಕಿ ಎಂದರು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಅವ್ವ ಎದ್ದು ನಿಂತಳು.

"ಆಡ ಏನ ತಪ್ಪ ಮಾಡ್ಯಾವ್ರಿ?"

ಬೋಧಕರು ನಕ್ಕರು. "ಅಜ್ಜೀ, ಆಡು ಎಂದರೆ ಮಾತು ಕೇಳದ ಜನ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಹಾಗೆ ಅವರು ಮುಟ್ಟದ ಪಾಪವಿಲ್ಲ."

"ಹಂಗಾರ ಕುರಿ ಉಪಾಸ ಇರತಾವೇನ್ರಿ?"

ಸಭೆಯೆಲ್ಲ ಕಿಸಕ್ಕೆಂದಿತು. ಬೋಧಕರ ಮುಖ ಬಿಗಿಯಿತು. "ಕುರಿ ಹಟ್ಟಿಯ ಒಳಗಿರುತ್ತದೆ, ಅಜ್ಜಿ. ದೇವರ ಮನೆಯ ಒಳಗೆ ಬಾರದೆ ಹೊರಗೇ ಉಳಿದವರ ಜಾಗ ಎಡಕ್ಕೆ," ಎಂದುಬಿಟ್ಟರು. ಅವ್ವ ಕೋಲು ಹಿಡಿದು ಹೊರಗೆ ನಡೆದಳು. ಪ್ರಸಂಗ ಇನ್ನೂ ಅರ್ಧವೂ ಆಗಿರಲಿಲ್ಲ. ಊರಿನವರ ಮುಂದೆ ನನ್ನ ಮಾನ ಹೋಯಿತೆಂದು ನಾನು ಕುದಿಯುತ್ತ ಕುಳಿತೆ.

ಹೊರಗೇ ಉಳಿದವರು ಎಂಬ ಮಾತು ಅವಳಿಗೆ ಎಲ್ಲಿ ತಾಗಿತ್ತೆಂದು ನನಗೆ ಹೊಳೆದದ್ದು ಆಮೇಲೆ. ನಮ್ಮದು ಕಟಕೋಳದ ಹತ್ತಿರದ ಹಳ್ಳಿ. ಅಪ್ಪ ಆಡು ಸಾಕಿಯೇ ನಮ್ಮನ್ನು ಬೆಳೆಸಿದ. ಅವ್ವ ಮದುವೆಯಾದ ಮೇಲೆ ಯೇಸುವನ್ನು ನಂಬಿದವಳು. ಅಪ್ಪ ಅವಳನ್ನು ತಡೆಯಲಿಲ್ಲ, ತಾನು ಮಾತ್ರ ಸೇರಲಿಲ್ಲ. ಪ್ರತಿ ಭಾನುವಾರ ಅವಳನ್ನು ಪ್ರಾರ್ಥನೆಯ ಮನೆಯವರೆಗೆ ಬಿಟ್ಟು, ಎದುರಿನ ಬೇವಿನ ಮರದ ಕೆಳಗೆ ಆಡುಗಳೊಂದಿಗೆ ಕೂತಿರುತ್ತಿದ್ದ. ಒಳಗೆ ಬರ್ರಿ ಎಂದು ಯಾರು ಕರೆದರೂ ಒಂದೇ ಉತ್ತರ: "ಆಡ ಯಾರ ನೋಡ್ಕೋಬೇಕ್ರಿ?" ಅವನು ಸಾಯುವವರೆಗೂ ಆ ಮರದ ನೆರಳು ದಾಟಿ ಒಳಗೆ ಬರಲಿಲ್ಲ.

ಅಪ್ಪನದು ಇನ್ನೊಂದು ಗುಣವಿತ್ತು, ಮರೆವು. ಕೊಟ್ಟದ್ದನ್ನು ಅವನು ಮರೆಯುತ್ತಿದ್ದ. ಓಣಿಯಲ್ಲಿ ಬಾಣಂತಿ ತೀರಿಕೊಂಡು ಕೂಸು ಉಳಿದರೆ ಬೆಳಗಾಗುವುದರೊಳಗೆ ಆ ಮನೆಗೆ ಆಡಿನ ಹಾಲು ಹೋಗುತ್ತಿತ್ತು. ದಾರಿಹೋಕರಿಗೆ ತನ್ನ ಬುತ್ತಿ ಬಿಚ್ಚಿ ಕೊಟ್ಟು ಬರಿ ಹೊಟ್ಟೆಯಲ್ಲಿ ಮನೆಗೆ ಬರುತ್ತಿದ್ದ. ಎಷ್ಟೋ ದಿನದ ಮೇಲೆ ಯಾರಾದರೂ ಬಂದು ನಿಮ್ಮ ಉಪಕಾರ ಮರೆಯಂಗಿಲ್ರಿ ಎಂದರೆ ಪಿಳಿಪಿಳಿ ಕಣ್ಣು ಬಿಟ್ಟು, "ನಾ ಯಾವಾಗ ಕೊಟ್ಟೆ?" ಎನ್ನುತ್ತಿದ್ದ. ಅದು ನಾಟಕವಲ್ಲ, ಅವನಿಗೆ ನಿಜಕ್ಕೂ ನೆನಪಿರುತ್ತಿರಲಿಲ್ಲ. "ನಿಂದ ನಿನಗ ನೆನಪಿಲ್ಲ, ಇನ್ನ ನನ್ನ ನೆನಪರೇ ಇಟ್ಟಿಯೋ ಇಲ್ಲೋ," ಎಂದು ಅವ್ವ ರೇಗುತ್ತಿದ್ದಳು. ಅಪ್ಪನ ಆ ಮಾತು ನಮ್ಮ ಮನೆಯ ಗಾದೆಯೇ ಆಗಿಹೋಗಿತ್ತು. ಸಕ್ಕರೆ ಡಬ್ಬಿ ಖಾಲಿ ಮಾಡಿ ಸಿಕ್ಕಿಬಿದ್ದರೆ ನಾವು ಮಕ್ಕಳೂ "ನಾ ಯಾವಾಗ ತಿಂದೆ?" ಎಂದು ಕಣ್ಣು ಪಿಳುಕಿಸುತ್ತಿದ್ದೆವು.

ಮುಂದಿನ ಭಾನುವಾರ ಕರ್ತನ ಭೋಜನವಿತ್ತು. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದರು, ಅವ್ವ ಏಳಲಿಲ್ಲ. ಮನೆಗೆ ಬಂದು ಕೇಳಿದೆ.

"ನಿಮ್ಮಪ್ಪ ಎಡಕ್ಕ ನಿಂತಿದ್ರ ನಾ ಒಬ್ಬಾಕಿ ಬಲಕ್ಕ ನಿಂತ ಏನ ಮಾಡ್ಲಿ? ನಂದೂ ಜಾಗಾ ಅಲ್ಲೇ," ಎಂದಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ ಹೇಳಿದಳು.

ನನ್ನ ಸಿಟ್ಟೆಲ್ಲ ಇಳಿದು ಅಡುಗೆಮನೆಗೆ ಹೋಗಿ ಅತ್ತೆ. ಅವಳ ವಯಸ್ಸಿನಲ್ಲಿ ಕರ್ತನ ಭೋಜನ ಬಿಟ್ಟು, ದೇವರ ಮೇಲೆ ಮುನಿಸಿಕೊಂಡೇ ಹೋಗಿಬಿಟ್ಟರೆ ಎಂಬ ಭಯ ನನ್ನನ್ನು ಹಿಡಿಯಿತು.

ಸುಗ್ಗಿ ಹಬ್ಬ ಬಂತು. ಬೆಳೆದದ್ದನ್ನು ದೇವರ ಮುಂದೆ ತಂದಿಡುವ ಆ ದಿನ ನನ್ನ ವೇದಪಾಠದ ಮಕ್ಕಳಿಂದ ಒಂದು ನಾಟಕ ಇರುತ್ತದೆ. ನಾನು ಬೇಕೆಂದೇ ಕುರಿ ಮತ್ತು ಆಡುಗಳ ಅಧ್ಯಾಯ ಆರಿಸಿದೆ. ಆ ಅಧ್ಯಾಯದ ಜೊತೆ ನನ್ನ ಜಗಳ ಇನ್ನೂ ಮುಗಿದಿರಲಿಲ್ಲ. ಮಕ್ಕಳಿಗೆ ಉಣ್ಣೆ ಅಂಟಿಸುವ ಬದಲು ನಿಜವಾದ ಕುರಿಗಳನ್ನೇ ತರಿಸೋಣ ಎಂದದ್ದೂ ನಾನೇ. ಯರಗಟ್ಟಿ ರಸ್ತೆಯ ಹೊಲದಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿದ್ದ ಕುರಿಗಾರರಿಂದ ಒಂದಿಷ್ಟು ಕುರಿ, ಒಂದು ಕೊಂಬಿನ ಆಡು ಬಂದವು. ಅಂಗಳದ ನಡುವೆ ರಂಗೋಲಿ ಪುಡಿಯಿಂದ ಗೆರೆ ಎಳೆದೆ. ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವ್ವ ಸೆರಗಿನಲ್ಲಿ ನಗುತ್ತಿದ್ದಳು.

"ಎಂಥಾ ನಗಿ ಬೇ ಅದು?"

"ಏನಿಲ್ಲ ತಗೋ. ನಡೀಲಿ ನಿಮ್ಮ ನಾಟಕ."

ನ್ಯಾಯಾಧಿಪತಿಯ ವೇಷ ನಮ್ಮ ಸಭೆಯ ಬ್ಯಾಂಕ್ ಕ್ಲರ್ಕರದು. ಹತ್ತಿಯ ಗಡ್ಡ, ಬಿಳಿ ಶಾಲು, ದೊಡ್ಡ ಕುರ್ಚಿ. ಅವರು ಕೈಯೆತ್ತಿ ಗಂಭೀರವಾಗಿ, "ಆಡುಗಳು ಎಡಕ್ಕೆ!" ಎಂದರು. ಆಡನ್ನು ಎಡಕ್ಕೆ ದೂಡಿದರು. ಅದು ತಕರಾರಿಲ್ಲದೆ ಹೋಗಿ ನಿಂತಿತು. ಅದರ ಬೆನ್ನಿಗೆ ಅಷ್ಟೂ ಕುರಿಗಳು ಗೆರೆ ತುಳಿದು ಎಡಕ್ಕೇ ನುಗ್ಗಿದವು.

"ಕುರಿಗಳು ಬಲಕ್ಕೆ!" ಎಂದರು ನ್ಯಾಯಾಧಿಪತಿ. ಒಂದೂ ಕದಲಲಿಲ್ಲ. ಮಕ್ಕಳು ಎಳೆದು ತಂದರೆ ಮತ್ತೆ ಓಡಿ ಆಡಿನ ಹಿಂದೆ ಸೇರಿಕೊಂಡವು. "ಏ, ಬಲಕ್ಕ ಅಂದ್ನೆಲ್ಲೋ! ಬಲಕ್ಕ ಬರ್ರೋ!" ಎಂದು ಅವರು ಕುರ್ಚಿ ಬಿಟ್ಟು ಎದ್ದಾಗ ಗಡ್ಡ ಒಂದು ಕಿವಿಗೆ ಜೋತುಬಿತ್ತು. ಸ್ವರ್ಗದ ಕಡೆ ಒಂದು ನರಪಿಳ್ಳೆಯೂ ಇರಲಿಲ್ಲ. ಜನ ಹೊಟ್ಟೆ ಹಿಡಿದು ನಕ್ಕರು, ಮೊಬೈಲ್ ಹಿಡಿದವರ ಕೈಗಳೇ ನಡುಗುತ್ತಿದ್ದವು. ನಾನು ಮಾತ್ರ ಭೂಮಿ ಬಾಯಿಬಿಡಬಾರದೇ ಎಂದು ನಿಂತಿದ್ದೆ.

"ಕುರಿಗೇನ ತಿಳೀತೈತ್ರಿ?" ಗೇಟಿನ ಕಡೆಯಿಂದ ಅವ್ವನ ಧ್ವನಿ ಬಂತು. "ಆಡ ಹೋದತ್ತ ಹೋಗತಾವ. ಅದಕ್ಕ ಹಿಂಡಿನ ಮುಂದ ಆಡ ಬಿಡೂದು."

ಕೋಲೂರುತ್ತ ಬಂದಳು. ನಾಲಿಗೆ ಹೊರಳಿಸಿ ಅಪ್ಪ ಕರೆಯುತ್ತಿದ್ದ ಹಾಗೆಯೇ ಒಂದು ಕೂಗು ಹಾಕಿದಳು. ಆಡು ಕಿವಿ ನಿಮಿರಿಸಿತು. ಅದರ ಕೊಂಬು ಹಿಡಿದು ಗೆರೆ ದಾಟಿಸಿ ಬಲಕ್ಕೆ ನಡೆಸಿದಳು. ಹಿಂದೆಯೇ ಕುರಿಗಳೆಲ್ಲ ಬಾಲ ಅಲ್ಲಾಡಿಸುತ್ತ ಬಂದವು. ಚಪ್ಪಾಳೆಯೋ ಚಪ್ಪಾಳೆ! ಯಾರೋ ಸಿಳ್ಳೆ ಹಾಕಿದರು, ಯಾರೋ ಡೋಲಕ್ ಬಡಿದರು.

ನಮ್ಮ ಪಾಸ್ಟರ್ ಕಣ್ಣೊರೆಸಿಕೊಂಡು ಕೈ ಎತ್ತಿದರು. "ಇನ್ನೂ ಮುಗಿದಿಲ್ರಿ. ಆವತ್ತ ಅವ್ವಾರು ಎದ್ದ ಹೋದ್ರು, ಮುಂದಿಂದ ಕೇಳಲೇ ಇಲ್ಲ. ಟೀಚರ್, ಓದ್ರಿ," ಎಂದರು.

ನಾನು ಓದಿದೆ. ಅರಸನು ಬಲಗಡೆಯವರನ್ನು ಹೊಗಳುತ್ತಾನೆ. ನಾನು ಹಸಿದಿದ್ದೆ, ಉಣಬಡಿಸಿದಿರಿ. ಬಾಯಾರಿದ್ದೆ, ಕುಡಿಯಲು ಕೊಟ್ಟಿರಿ. ಅದನ್ನು ಕೇಳಿ ಬಲಗಡೆಯವರೇ ಬೆರಗಾಗುತ್ತಾರೆ. ಅವರಿಗೆ ಒಂದೂ ನೆನಪಿಲ್ಲ. ಅವರು ಕೇಳುತ್ತಾರೆ: ಕರ್ತನೇ, ನಾವು ಯಾವಾಗ ಕೊಟ್ಟೆವು?

ಅಷ್ಟು ಸಲ ಪಾಠ ಮಾಡಿದ್ದ ಆ ಸಾಲನ್ನು ಅಂದು ಮೊದಲ ಸಲ ಕೇಳಿದಂತಾಯಿತು. ತಲೆಯೆತ್ತಿ ನೋಡಿದೆ. ಅವ್ವ ಆಡಿನ ಕೊಂಬು ಹಿಡಿದುಕೊಂಡೇ ಬಾಯಿ ತೆರೆದು ನಿಂತಿದ್ದಳು.

"ಅಯ್ಯ ನನ ಯವ್ವಾ! ಇದು ನಿಮ್ಮಪ್ಪನ ಮಾತಲ್ಲೇನ?"

"ಹೌದ ಬೇ," ಎಂದೆ. ಆಮೇಲೆ ನನಗೂ ಓದಲಾಗಲಿಲ್ಲ, ಉಳಿದದ್ದನ್ನು ಪಾಸ್ಟರೇ ಓದಿ ಮುಗಿಸಿದರು. ನಾನು ಸಂತೋಷಕ್ಕೆ ಅಷ್ಟು ಜೋರಾಗಿ ಅತ್ತದ್ದು ಅದೇ ಮೊದಲು.

ಮತ್ತೆ ಕರ್ತನ ಭೋಜನದ ಭಾನುವಾರ ಬಂದಾಗ ಪಾಸ್ಟರ್ ಕರೆಯುವ ಮೊದಲೇ ಅವ್ವ ಎದ್ದಳು. ಅವಳ ಕೋಲಿನ ನಡಿಗೆ ನಿಧಾನ. ಹಿಂದಿಕ್ಕುವ ಧೈರ್ಯ ಯಾರಿಗೂ ಬರದೆ ಇಡೀ ಸಭೆ ಅವಳ ಹಿಂದೆ ಸಾಲಾಗಿ ನಡೆಯಿತು. ರೊಟ್ಟಿ ತಿಂದು ಬಂದು ಕೂತವಳು ನನ್ನ ಕಿವಿಯಲ್ಲಿ ಹೇಳಿದಳು:

"ಬಲಕ್ಕ ಅದಾನ ನಿಮ್ಮಪ್ಪ. ನಾ ಯಾವಾಗ ಕೊಟ್ಟೆ, ನಾ ಯಾವಾಗ ಕೊಟ್ಟೆ ಅಂತ ದೇವರನ್ನ ಇನ್ನೂ ಕೇಳಕೋತ ನಿಂತಿರ್ತಾನ ನೋಡ."