ಚಿಲಕವಿಲ್ಲದ ಬಚ್ಚಲು

ಬಚ್ಚಲೆಂದರೆ ನನಗೆ ಮೊದಲು ನೆನಪಾಗುವುದು ನೀರಲ್ಲ, ಚಿಲಕ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವರಿಗೆಲ್ಲ ಹೀಗೇ ಇರಬಹುದು. ಹೊರಗೆ ಟವೆಲು ಹಿಡಿದವರ ಸಾಲು, ಬಾಗಿಲು ಬಡಿಯುವ ಸಿಸ್ಟರು. ಆದರೂ ಚಿಲಕ ಹಾಕಿಕೊಂಡ ಆ ನಾಲ್ಕು ನಿಮಿಷ ನನ್ನದೇ ಸಾಮ್ರಾಜ್ಯ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೂ, ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಅಡುಗೆಮನೆಗಿಂತ ಮೊದಲು ಬಚ್ಚಲಿನ ಚಿಲಕ ಎಳೆದು ನೋಡುತ್ತಿದ್ದೆ.

ಇಂಥವಳ ಪಾಲಿಗೆ ಒಂದು ಕ್ಯಾರವಾನ್ ಬಂತು. ಬೇಗಂಪೇಟೆಯ ಆಫೀಸಿನಿಂದ ನಿವೃತ್ತರಾದ ನಮ್ಮ ಯಜಮಾನರು ಹಳೆಯ ವ್ಯಾನೊಂದನ್ನು ಕೊಂಡು, ಮಂಚ, ಒಲೆ, ಬಚ್ಚಲು ಎಲ್ಲ ಕೂಡಿಸಿ ಅದನ್ನು ಮನೆ ಮಾಡಿಸಿದರು. ಬಚ್ಚಲೆಂದರೆ ಬಟ್ಟೆಯ ಬೀರುವಿನಷ್ಟು. ಸೋಪು ಕೆಳಗೆ ಬಿದ್ದರೆ, ಬಗ್ಗಿ ಎತ್ತಿಕೊಳ್ಳುವ ಮುನ್ನ ಬಾಗಿಲು ತೆರೆದು ದೇಹದ ಒಂದಿಷ್ಟು ಭಾಗವನ್ನು ಹೊರಗೆ ಕಳಿಸಬೇಕು.

ಇಷ್ಟೆಲ್ಲ ಮಾಡಿಸಿದ್ದು ನಮ್ಮ ಅತ್ತೆಗಾಗಿ. ಅವರು ರಾಯಚೂರು ಕಡೆಯವರು. ಶ್ರೀಶೈಲಕ್ಕೆ ಹೋಗಬೇಕೆಂಬುದು ಅವರ ಬಹುಕಾಲದ ಆಸೆ. ಆದರೆ ಲಾಡ್ಜಿನಲ್ಲಿ ಸ್ನಾನ ಒಲ್ಲೆನೆಂಬ ಹಟ. "ಯಾರ್ಯಾರು ಮೈ ತೊಳದಿರತಾರೋ ಏನೋ! ಮಲ್ಲಯ್ಯನ ಮುಂದ ಜಳಕಿಲ್ಲದ ಹ್ಯಾಂಗ ನಿಂದರಲಿ?" ಎನ್ನುತ್ತ ವರ್ಷಗಳನ್ನೇ ಕಳೆದರು. ಈಗ ಕ್ಯಾರವಾನಿನೊಳಗೆ ಇಣುಕಿದವರೇ, "ಇದೇನು ಬಚ್ಚಲೋ, ಜ್ವಾಳದ ಹಗೇವೋ? ಜಳಕ ಸರಿ ಆತಂದ್ರ ಬರತೀನಿ. ಇಲ್ಲಂದ್ರ ನೀವಿಬ್ಬರ ಹೋಗಿ ಬರ್ರಿ" ಎಂದು ತೀರ್ಪು ಕೊಟ್ಟರು.

ಹಗೇವನ್ನು, ಅಂದರೆ ಕಾಳು ತುಂಬಿಡುವ ನೆಲಗುಂಡಿಯನ್ನು, ಬಚ್ಚಲಾಗಿಸುವ ಹೊಣೆ ನನ್ನದಾಯಿತು. ಕಾಚಿಗೂಡದ ಅಂಗಡಿಗಳನ್ನು ಸುತ್ತಿದೆ. ಬೇಕೆಂದಾಗ ನೀರು ನಿಲ್ಲಿಸಲು ಗುಂಡಿಯಿರುವ ಕೈ ಶವರ್, ಜಾರದ ರಬ್ಬರ್ ಚಾಪೆ, ಕುಳಿತೇ ಸ್ನಾನ ಮಾಡುವ ಅತ್ತೆಗೆ ಗಿಡ್ಡ ಸ್ಟೂಲು, ಕುಳಿತಲ್ಲಿಂದಲೇ ಕೈಗೆಟಕುವಂತೆ ಟವೆಲಿಗೊಂದು ಕೊಕ್ಕೆ. ಎಲ್ಲಕ್ಕೂ ಮಿಗಿಲಾಗಿ, ಬಾಗಿಲಿನ ಲಟಪಟ ಪ್ಲಾಸ್ಟಿಕ್ ಚಿಲಕ ತೆಗೆಸಿ ಗಟ್ಟಿಮುಟ್ಟಾದ ಸ್ಟೀಲಿನದು ಹಾಕಿಸಿದೆ. ಅದನ್ನು ನೋಡಿ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು.

ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೇ ಪರೀಕ್ಷೆ. ಅತ್ತೆ ತಮ್ಮ ತಾಮ್ರದ ತಂಬಿಗೆಯೊಂದಿಗೆ ಒಳಗೆ ಹೋದರು. ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ವಾಚ್‌ಮನ್ ಓಡಿ ಬಂದು, "ಅಮ್ಮಾ, ಬಂಡಿ ಲೀಕ್ ಅವುತೋಂದಿ!" ಎಂದ. ನೀರು ಹೋಗುವ ಪೈಪಿನ ಕೆಳಗೆ ಬಕೆಟ್ ಇಡುವುದನ್ನೇ ನಾವು ಮರೆತಿದ್ದೆವು. "ಲೀಕ್ ಕಾದು, ಮಾ ಅಮ್ಮ ಸ್ನಾನಂ", ಲೀಕಲ್ಲ, ನಮ್ಮಮ್ಮನ ಸ್ನಾನ ಎಂದು ಯಜಮಾನರು ಹೆಮ್ಮೆಯಿಂದ ಹೇಳಿದಾಗ ಅವನು ಗೌರವದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದ.

ಅತ್ತೆ ಹೊರಗೆ ಬಂದರು. ಮುಖದಲ್ಲಿ ಕಳೆಯಿಲ್ಲ.

"ಚಂದ ಆತೇನ್ರಿ ಅತ್ತಿ?" ಎಂದೆ.

"ನೀರು ಬಿಸಿ ಇತ್ತು. ಸ್ಟೂಲ್ ಭಾಳ ಚಲೋ ಐತಿ. ಆದರ ಇದು ಜಳಕ ಅಲ್ಲ ಬಿಡವಾ."

"ಯಾಕ್ರಿ, ಏನ್ ಕಮ್ಮಿ ಆತು?"

"ಬೆನ್ನ ಯಾರು ತಿಕ್ಕಬೇಕು? ಆ ನಿನ್ನ ಚಿಲಕೇನು?"

ಮನೆಯಲ್ಲಿ ಅತ್ತೆ ಎಂದೂ ಚಿಲಕ ಹಾಕುವವರಲ್ಲ. ಸ್ನಾನದ ನಡುವೆ "ಏ ಪ್ರಭಾ" ಎಂದು ಕರೆಯುತ್ತಾರೆ. ನಾನು ಸೀರೆ ಎತ್ತಿ ಕಟ್ಟಿ ಹೋಗಿ ಬೆನ್ನು ತಿಕ್ಕಿ, ಕೊನೆಯ ತಂಬಿಗೆ ಸುರಿಯುತ್ತೇನೆ. ನೆಂಟರ ಜಗಳ, ನಿಂತುಹೋದ ಸಂಬಂಧ, ನಿನ್ನೆಯ ಬೇಳೆಗೆ ಹೆಚ್ಚಾದ ಉಪ್ಪು, ಎಲ್ಲದರ ವಿಚಾರಣೆ ಆಗಲೇ. ನಾನದನ್ನು ಮನೆಗೆಲಸದ ಲೆಕ್ಕಕ್ಕೆ ಸೇರಿಸಿದ್ದೆ. ರೋಮನ್ನರು ಸ್ನಾನದ ಮನೆಯಲ್ಲಿ ಹರಟುತ್ತಿದ್ದರೆಂದು ಕಾನ್ವೆಂಟಿನಲ್ಲಿ ಓದಿ ಅಂಕ ಗಳಿಸಿದ್ದೇನೆ. ಹೈದರಾಬಾದಿನ ಹಳೆಯ ಸಾರ್ವಜನಿಕ ಸ್ನಾನಗೃಹಗಳಾದ ಹಮಾಮುಗಳಲ್ಲೂ ಹೀಗೇ ಇತ್ತಂತೆ. ನಮ್ಮ ಮನೆಯ ರೋಮ್ ಮಾತ್ರ ನನಗೆ ಕಂಡಿರಲಿಲ್ಲ.

ಸ್ಕ್ರೂಡ್ರೈವರ್ ತಂದು ಬಾಗಿಲನ್ನು ನಾನೇ ಬಿಚ್ಚಿದೆ. "ಹೊಸಾ ಬಾಗಲಾ ಐತಿ ಅದು!" ಎಂದು ಯಜಮಾನರು ಮಗು ಬಿದ್ದಂತೆ ಕೂಗಿದರು. ಅದರ ಜಾಗದಲ್ಲಿ ಪರದೆ ಬಂತು. ಒದ್ದೆ ಪರದೆ ಮೈಗೆ ಅಂಟುತ್ತಿತ್ತು. ಅತ್ತೆ ತಮ್ಮ ಚೌಕಾಬಾರದ ಕವಡೆಗಳನ್ನು ತಾವೇ ತಂದು, "ಅಂಚಿಗೆ ಇವನ್ನ ಹೊಲಿ, ಭಾರಕ್ಕ ನೆಟ್ಟಗ ನಿಂದರತೈತಿ" ಎಂದರು. ನಿಂತಿತು. ಮೊಣಕೈ ತಾಗಿದರೆ ಪರದೆ ಪಕ್ಕಕ್ಕೆ ಸರಿಯುವುದರಿಂದ ಬಚ್ಚಲೂ ದೊಡ್ಡದಾಯಿತು. ಹೊರಗೆ ನಿಂತು ಕೈಯೊಂದನ್ನು ಒಳಗೆ ತೂರಿಸಿ ನಾನು ಬೆನ್ನು ತಿಕ್ಕಿದೆ. "ಇದು ಜಳಕ" ಎಂದರು ಅತ್ತೆ. "ಈಗ ನಡೀರಿ ಮಲ್ಲಯ್ಯನ ಕಡಿಗಿ."

ಶ್ರೀಶೈಲದ ಬೆಳಗು. ಅತ್ತೆಯ ಸ್ನಾನ ಮುಗಿದು ನನ್ನ ಸರದಿ ಬಂತು. ಚಿಲಕವಿಲ್ಲ, ಸಿಸ್ಟರು ಹೊರಗೇ ನಿಂತಿದ್ದಾರೇನೋ ಎಂಬಂತೆ ಗಡಿಬಿಡಿಯಿಂದ ನೀರು ಹೊಯ್ದುಕೊಳ್ಳುತ್ತಿದ್ದೆ. ಕವಡೆಗಳು ಕಟಕಟ ಎಂದವು. ಸುಕ್ಕುಗಟ್ಟಿದ ಕೈಯೊಂದು ಒಳಗೆ ಬಂತು.

"ತಿರುಗು."

"ಬ್ಯಾಡ್ರಿ ಅತ್ತಿ, ನಾ ಮಾಡ್ಕೋತೀನಿ."

"ನಿನ್ನ ಬೆನ್ನ ನಿನಗ ಕಾಣತೈತೇನು? ತಿರುಗು ಅಂದ್ನಿ."

ತಿರುಗಿದೆ. ಹೊರಗಿನಿಂದ ಯಜಮಾನರು ಚಹಾ ಆರಿಹೋಗುತ್ತಿದೆ ಎಂದು ಕೂಗಿದರು. ನಿಂತುಹೋದ ಸಂಬಂಧದ ಕಥೆಯನ್ನು ಅತ್ತೆ ಆಗಷ್ಟೇ ಶುರುಮಾಡಿದ್ದರು.