ಹಗ್ಗ ಬಿಡುವುದಕ್ಕೊಂದು ಗುರುತು

ಅವಳ ಕುತ್ತಿಗೆಗೆ ಹಗ್ಗ ಬಿದ್ದಾಗ ನಾನು ಹಾಳೆ ನೋಡುತ್ತಿದ್ದೆ. ಮೊದಮೊದಲು ವಿಚಾರಿಸಿದವರಿಗೆಲ್ಲ ‘ಪಕ್ಕದಲ್ಲೇ ಇದ್ದೆ’ ಎಂದಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಕೊರಟಗೆರೆಯ ಒಂದು ಕಾಲೇಜಿನಲ್ಲಿ ನಾನು ನೃತ್ಯ ಕಲಿಸುತ್ತೇನೆ. ಸುತ್ತಿನ ನಾಲ್ಕು ತಾಲ್ಲೂಕುಗಳ ಕೋಲಾಟಗಳನ್ನು ಕುಣಿತದ ಲಿಪಿಯಲ್ಲಿ ಬರೆದಿಡುವುದು ನನ್ನ ಸಂಶೋಧನೆ. ಹಾಡಿಗೆ ಸ್ವರಲಿಪಿ ಇರುವಂತೆ ಕುಣಿತಕ್ಕೂ ಒಂದು ಲಿಪಿ ಇದೆ. ಮೂರು ಉದ್ದ ಗೆರೆಗಳು. ನಡುವಿನದು ಕುಣಿಯುವವರ ಬೆನ್ನುಮೂಳೆ ಇದ್ದಂತೆ. ಅದರ ಎಡಕ್ಕೆ ಬರೆದದ್ದು ಎಡಗೈ, ಎಡಗಾಲಿನದು, ಬಲಕ್ಕೆ ಬರೆದದ್ದು ಬಲಭಾಗದ್ದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಪಾವಗಡದ ಗಡಿಯ ಹಳ್ಳಿಗಳಲ್ಲಿ ಹೆಜ್ಜೆಯನ್ನು ತೆಲುಗಿನಲ್ಲಿ ಎಣಿಸುತ್ತಾರೆ. ಮಧುಗಿರಿಯ ಕಡೆ ಎಣಿಸುವುದೇ ಇಲ್ಲ, ಪದದ ಜೊತೆ ಕಾಲು ತಾನಾಗಿ ಹೋಗುತ್ತದೆ. ಎರಡನ್ನೂ ಬರೆದು ಪಕ್ಕಪಕ್ಕ ಇಟ್ಟು ನೋಡಿದಾಗ ಅವು ಒಂದೇ ಹೆಜ್ಜೆ ಎಂದು ತಿಳಿಯಿತು. ಆ ದಿನ ಊಟ ಮಾಡುವುದನ್ನೇ ಮರೆತಿದ್ದೆ. ಹಾಳೆಯ ಮೇಲೆ ಅಷ್ಟು ನಂಬಿಕೆ ಬಂದುಬಿಟ್ಟಿತ್ತು.

ಜಡೆ ಕೋಲಾಟವನ್ನು ಬರೆದುಕೊಂಡದ್ದು ಸಿರಾ ತಾಲ್ಲೂಕಿನಲ್ಲಿ, ಮದಲೂರಿನ ಆಚೆ ಕುರಿ ಸಾಕುವವರ ಒಂದು ಹಟ್ಟಿಯಲ್ಲಿ. ಮೇಲಿನ ತೊಲೆಯಿಂದ ಎಂಟು ಹಗ್ಗ ಇಳಿಬಿಡುತ್ತಾರೆ. ಎಂಟು ಜನ ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು ಹಿಡಿದು ಒಬ್ಬರ ಒಳಗಿಂದ, ಇನ್ನೊಬ್ಬರ ಹೊರಗಿಂದ ಸುತ್ತುತ್ತಾ ಹೋದರೆ ಮೇಲಿನಿಂದ ಕೆಳಕ್ಕೆ ಜಡೆ ಹೆಣೆದುಕೊಳ್ಳುತ್ತದೆ. ಆಮೇಲೆ ಎಲ್ಲರೂ ತಿರುಗಿ, ಬಂದ ದಾರಿಯಲ್ಲೇ ಕುಣಿದು ಅದನ್ನು ಬಿಚ್ಚಬೇಕು. ಕಲಿಸುವ ಅಜ್ಜನಿಗೆ ಮಂಡಿ ಹೋಗಿದೆ. ಕಟ್ಟೆಯ ಮೇಲೆ ಕೂತೇ ಹೇಳಿಕೊಡುತ್ತಾರೆ. “ಬರ್ಕೊ ತಾಯಿ, ಬರ್ಕೊ. ನಾನ್ ಹೋದ್ಮ್ಯಾಕೆ ನಿನ್ ಪುಸ್ತಕಾನೇ ಎದ್ದು ಕುಣೀಲಿ,” ಎಂದು ನಗುತ್ತಿದ್ದರು.

ನಮ್ಮ ಕಾಲೇಜಿನ ಎಂಟು ಹುಡುಗಿಯರು ಅದನ್ನು ಬರಿಯ ಹಾಳೆಯಿಂದ ಕಲಿತರು. ಅಜ್ಜನನ್ನು ಕರೆಸಲಿಲ್ಲ, ಹಟ್ಟಿಯಲ್ಲಿ ನಾನು ತೆಗೆದಿದ್ದ ವಿಡಿಯೊ ತೋರಿಸಲಿಲ್ಲ. ಅದು ನನ್ನ ಹಟ. ಎಲ್ಲ ಸರಿಯಿತ್ತು, ಹಗ್ಗ ಮಾತ್ರ ಕೈಯಿಂದ ಜಾರುತ್ತಿತ್ತು, ಜಡೆ ಸಡಿಲವಾಗಿ ಬರುತ್ತಿತ್ತು. ಒಂದು ದಿನ ರೇಗಿ, “ಕೈಗೆ ಒಂದು ಸುತ್ತು ಸುತ್ತಿಕೊಳ್ಳಿ,” ಎಂದೆ. ಜಡೆ ಬಿಗಿಯಾಗಿ ಬಂತು. ಖುಷಿಯಾಗಿ, ಹಾಳೆಯಲ್ಲಿ ಎಡಗೈಯ ಗುರುತಿನ ಪಕ್ಕ ನನ್ನದೇ ಒಂದು ಸಣ್ಣ ಸುರುಳಿ ಬರೆದೆ.

ಮರುದಿನ ಬೆಳಿಗ್ಗೆ ಜಡೆ ತಲೆಯ ಎತ್ತರಕ್ಕೆ ಇಳಿದಿತ್ತು. ತಿರುಗುವ ಜಾಗ ಬಂತು. ಹಗ್ಗದ ಕಡೆಗೆ ತಿರುಗಬೇಕಿದ್ದ ನಾಲ್ಕನೆಯವಳು, ತೋವಿನಕೆರೆಯ ಹುಡುಗಿ, ಆಚೆಗೆ ತಿರುಗಿದಳು. ಹಗ್ಗ ಹೆಗಲ ಮೇಲಿಂದ ಹಾದು ಕುತ್ತಿಗೆಗೆ ಬಂತು. ಅದರ ತುದಿ ಅವಳದೇ ಕೈಗೆ ಸುತ್ತಿಕೊಂಡಿತ್ತು. ಪಕ್ಕದವರ ಹಗ್ಗಗಳು ಅದರ ಮೇಲೆ ಹಾದು ಬಿಗಿದವು. ಉಳಿದ ಏಳು ಜನ ಹಾಳೆಯಲ್ಲಿ ಇದ್ದಂತೆ ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಇದ್ದರು. ನಾನು ತಲೆ ಎತ್ತಿದಾಗ ಅವಳ ಹಿಮ್ಮಡಿ ನೆಲ ಬಿಟ್ಟಿತ್ತು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ‘ನಿಲ್ಲಿ’ ಎಂದು ಕೂಗಿದೆನೆಂದು ನನ್ನ ನೆನಪು. ಹುಡುಗಿಯರು ಇಲ್ಲ ಎನ್ನುತ್ತಾರೆ.

ಬಾಗಿಲಲ್ಲಿ ನೀರಿನ ಕ್ಯಾನು ಇಳಿಸುತ್ತಿದ್ದ ಅಟೆಂಡರ್ ಅಕ್ಕ ಓಡಿಬಂದು ಅವಳ ಸೊಂಟ ತಬ್ಬಿ ಮೇಲಕ್ಕೆತ್ತಿದರು. “ಬುಡ್ರೇ, ಬುಡ್ರೇ ಹಗ್ಗಾನ! ಕೈಗ್ಯಾಕ್ರೇ ಸುತ್ಕಂಡಿದ್ದೀರಾ, ಮುಂಡೇವಾ!” ಬಿಡಲು ಯಾರಿಗೂ ತಕ್ಷಣ ಆಗಲಿಲ್ಲ. ಒಬ್ಬೊಬ್ಬರೂ ಕೈ ಬಿಡಿಸಿಕೊಳ್ಳಬೇಕಾಯಿತು. ಅಷ್ಟು ಹೊತ್ತೂ ಅಕ್ಕ ಅವಳನ್ನು ಎತ್ತಿ ಹಿಡಿದೇ ನಿಂತಿದ್ದರು. ನನ್ನ ಕೈಯಲ್ಲಿ ಹಾಳೆ ಇತ್ತು.

ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಒಳಗೆ ಏನೂ ಆಗಿಲ್ಲ ಎಂದರು. ಕುತ್ತಿಗೆಯಲ್ಲಿ ಕೆಂಪು ಬರೆ, ಧ್ವನಿ ಅರ್ಧ. ಅದೇ ಧ್ವನಿಯಲ್ಲಿ ಅವಳು ಕೇಳಿದಳು: “ತಿರುಗಿದ್ದು ನಂದೇ ತಪ್ಪು. ಸುತ್ಕೊಂಡಿದ್ದು ಸರಿಯಾಗೇ ಇತ್ತಲ್ವಾ ಮೇಡಂ?” ನಾನು ಔಷಧಿಯ ಚೀಟಿ ಹಿಡಿದು ಎದ್ದಾಗ, “ಮುಂದಿನ ವಾರ ಬರ್ತೀನಿ,” ಎಂದಳು.

ಅವಳು ಬರುವುದಾದರೆ ಆ ಹಾಳೆಯಿಂದ ಮತ್ತೊಮ್ಮೆ ಕಲಿಸುವ ಹಕ್ಕು ನನಗಿದೆಯೇ? ಇಂದಿಗೂ ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕಂಬ ಹಿಡಿದಾಗ ಆ ಹಿಮ್ಮಡಿ ಕಾಣುತ್ತದೆ. ಆಗಂತೂ ಕಣ್ಣು ಮುಚ್ಚಲೂ ಭಯ. ಆದರೂ ಹಾಳೆಯನ್ನು ಹರಿದು ಹಾಕಿ ಕೂರುವುದು ಸುಲಭದ ದಾರಿ ಎನಿಸಿತು. ಭಾನುವಾರ ಬಸ್ಸು ಹತ್ತಿ ಹಟ್ಟಿಗೆ ಹೋದೆ.

“ಕೈಗೆ ಸುತ್ಕಂಡಿದ್ರಾ?” ಅಜ್ಜ ಬೀಡಿ ಕೆಳಗಿಟ್ಟರು.

“ನಾನೇ ಹೇಳಿದ್ದೆ ಅಜ್ಜಾ. ಸುತ್ತಬಾರದು ಅಂತ ನೀವು ಹೇಳಿರಲಿಲ್ಲ.”

“ಅದ್ನ ಯಾರಾನ ಹೇಳ್ತಾರೇನವ್ವಾ? ಹೋತದ ಹಗ್ಗ ಹಿಡಿಯೋ ಮಗೀಗೂ ಗೊತ್ತು. ಸುತ್ಕಂಡು ನಿಂತ್ರೆ ಅದು ಎಳ್ಕಂಡು ಹೋದಾಗ ಆಳೂ ಹೋಯ್ತಾನೆ.”

“ಎಂ.ಎ. ಓದ್ಸೋ ತಾವ ಒಂದ್ ಮೇಕೆ ಕಟ್ಟಾಕಿದ್ರೆ ಇವ್ರೂ ಕಲ್ತಿರೋರು ಬುಡು,” ಎಂದು ಒಳಗಿನಿಂದ ಅಜ್ಜಿ.

ನಗಲಿಲ್ಲ ನಾನು. ಅಜ್ಜ ಕೈ ಚಾಚಿ ತೋರಿಸಿದರು. ವಿಡಿಯೊ ನೋಡಿ ನಾನು ಮುಷ್ಟಿ ಎಂದು ಬರೆದದ್ದು ಮುಷ್ಟಿಯೇ ಅಲ್ಲ. ಹಗ್ಗ ಮಡಿಸಿದ ನಾಲ್ಕು ಬೆರಳಿನ ಮೇಲೆ ಸುಮ್ಮನೆ ತೂಗುತ್ತಿತ್ತು, ಹೆಬ್ಬೆರಳು ಅದನ್ನು ಮುಟ್ಟಿರಲೇ ಇಲ್ಲ.

“ಇಲ್ಲಿ ಯಾರೂ ತಪ್ಪು ತಿರುಗಲ್ವಾ?”

“ಅಯ್ಯೋ, ದಿನಾ ಒಬ್ಬ ತಿರುಗ್ತಾನೆ! ‘ಬುಡ್ರಲಾ’ ಅಂತೀನಿ, ಎಲ್ಲಾ ಬುಟ್ಬುಡ್ತಾರೆ, ಅವನ್ನ ಬೈಕಂಡು ಮತ್ತೆ ಹಿಡೀತಾರೆ. ನೀನ್ ಬಂದಾಗ ಮಾತ್ರ ಒಬ್ಬನೂ ತಪ್ಪಿಲ್ಲ ಕಣವ್ವಾ. ಕ್ಯಾಮ್ರಾ ಐತಲ್ಲ ಅಂತ ಉಸಿರು ಬಿಗಿ ಹಿಡ್ಕಂಡು ಕುಣಿದ್ವು.”

ತಪ್ಪದ ಒಂದೇ ಒಂದು ಸಲವನ್ನು ನಾನು ಬರೆದುಕೊಂಡಿದ್ದೆ. ತಪ್ಪಿದಾಗ ಎಂಟು ಕೈ ಏನು ಮಾಡುತ್ತವೆ ಎಂಬುದು ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

ಎರಡು ದಿನ ಅಲ್ಲೇ ಉಳಿದೆ. ಬೇಕೆಂದೇ ತಪ್ಪಿ ಎಂದು ಕೇಳಿಕೊಂಡೆ. ಆಟಗಾರರು ನಾಚಿಕೊಂಡು, ಆಮೇಲೆ ಮಜವಾಗಿ ತಪ್ಪಿದರು. ಪ್ರತಿ ತಪ್ಪನ್ನೂ ಬರೆದೆ: ಯಾರು ಎತ್ತ ತಿರುಗಿದರೆ ಹಗ್ಗ ಎಲ್ಲಿಗೆ ಬರುತ್ತದೆ, ಯಾವ ಕೈ ಮೊದಲು ತೆರೆಯುತ್ತದೆ. ಲಿಪಿಯಲ್ಲಿ ಬಿಡುವುದಕ್ಕೆ ಒಂದು ಗುರುತು ಮೊದಲಿಂದಲೂ ಇತ್ತು. ನಾನು ಬಳಸಿರಲಿಲ್ಲ, ಅಷ್ಟೆ. ಸುರುಳಿಯನ್ನು ಹೊಡೆದುಹಾಕಿದೆ. ಕೋಲಾಟದ ಮೊದಲ ಪುಟವೇ ಹಗ್ಗ ಬಿಡುವುದಾಯಿತು; ಹೆಣೆಯುವುದು ಐದನೆಯ ಪುಟಕ್ಕೆ ಹೋಯಿತು.

ಪ್ರಾಂಶುಪಾಲರ ಎದುರು ಎಲ್ಲವನ್ನೂ ಒಪ್ಪಿಕೊಂಡೆ. ಅವಳ ತಾಯಿಗೂ ಫೋನಿನಲ್ಲಿ ಹೇಳಿದೆ. “ನೀವೇ ಮೊದ್ಲು ಆ ಹಗ್ಗ ಹಾಕ್ಕಂಡು ನೋಡ್ರಿ,” ಎಂದು ಅವರು ಫೋನಿಟ್ಟರು. ಅದು ಬೈಗುಳವೇ ಇರಬೇಕು. ನಾನು ಮಾತಿನಂತೆಯೇ ತೆಗೆದುಕೊಂಡೆ.

ಅವಳು ಕಾಲೇಜಿಗೆ ಮರಳಿದ ದಿನ ನಾಲ್ಕನೆಯ ಜಾಗದಲ್ಲಿ ನಾನು ನಿಂತೆ. ಹುಡುಗಿ ಸುತ್ತಿನ ಹೊರಗೆ ಹಾಳೆ ಹಿಡಿದು ನಿಂತಳು. ಮೊದಲು ಬರಿಯ ಬಿಡುವುದನ್ನು ಮಾಡಿದೆವು, ಕೈ ಸೋಲುವವರೆಗೆ. ಆಮೇಲೆ ಹೆಣೆದೆವು. ತಿರುಗುವ ಜಾಗ ಬಂದಾಗ ನಾನು ಬೇಕೆಂದೇ ಆಚೆಗೆ ತಿರುಗಿದೆ. ನಾರಿನ ಒರಟು ಕುತ್ತಿಗೆಗೆ ತಾಗಿತು.

“ಬಿಡಿ!” ಅವಳ ಧ್ವನಿ ಇನ್ನೂ ಒಡೆದೇ ಇತ್ತು.

ಹಗ್ಗಗಳು ತೊಲೆಯಿಂದ ಸಡಿಲವಾಗಿ ತೂಗಿದವು. ನನ್ನ ಕುತ್ತಿಗೆಯ ಮೇಲೆ ಭಾರವಿರಲಿಲ್ಲ. ನಿರಾಳವಾಗಿ ನಕ್ಕೆ. ಯಾರೂ ನಗಲಿಲ್ಲ.

“ಏಳೂ ಕೈ ಬಿಟ್ಟಿದಾವೆ ಮೇಡಂ,” ಎಂದಳು ಅವಳು, ಹಾಳೆಯ ಮೇಲಿಂದ ನನ್ನ ಎಡಗೈ ನೋಡುತ್ತಾ. “ನಿಮ್ಮದೇ ಬಿಟ್ಟಿಲ್ಲ.”

ನೋಡಿಕೊಂಡೆ. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಹೆಬ್ಬೆರಳನ್ನು ಬಲಗೈಯಿಂದ ಎತ್ತಿ ಸರಿಸಬೇಕಾಯಿತು.

“ಇನ್ನೊಂದ್ ಸಲ ಮಾಡಣ,” ಎಂದಳು. ಎಲ್ಲರೂ ತಮ್ಮ ತಮ್ಮ ಹಗ್ಗಕ್ಕೆ ಹೋದರು. ನಾನು ನಾಲ್ಕನೆಯದಕ್ಕೆ ಹೋದೆ.